ಮಗುವಿನ ಬೆಳವಣಿಗೆ ಮತ್ತು ಕಲಿಕೆ: ಕರ್ನಾಟಕದ ಅಧ್ಯಯನಗಳು, ಕಾರವಾರ ಕರಾವಳಿಯ ಮಕ್ಕಳು

ಗರ್ಭದಲ್ಲಿ ಮೂಡಿದಂದಿನಿಂದ ಹರೆಯ ದಾಟುವವರೆಗೆ ಮಗುವಿನ ಮೈ, ಮಾತು, ಬುದ್ಧಿ, ಭಾವನೆ ಮತ್ತು ಒಡನಾಟಗಳಲ್ಲಿ ಕ್ರಮವಾಗಿ ಆಗುವ ಬದಲಾವಣೆಯನ್ನು ಬೆಳವಣಿಗೆ ಅಥವಾ ವಿಕಾಸ ಎನ್ನುತ್ತಾರೆ. ಅನುಭವ, ಅಭ್ಯಾಸ ಮತ್ತು ಬೋಧನೆಯಿಂದ ಉಂಟಾಗಿ ಉಳಿದುಕೊಳ್ಳುವ ಬದಲಾವಣೆ ಕಲಿಕೆ. ಇವೆರಡೂ ಒಂದನ್ನೊಂದು ಹೆಣೆದುಕೊಂಡಿವೆ. ನಾಲಗೆ, ಕಿವಿ, ಮಿದುಳು ಪಕ್ವವಾಗದೆ ಮಾತು ಬಾರದು; ಸುತ್ತ ಮಾತನಾಡುವವರಿಲ್ಲದಿದ್ದರೆ ಪಕ್ವವಾದ ನಾಲಗೆಗೂ ಮಾತು ಬಾರದು. ಮನಶ್ಶಾಸ್ತ್ರ, ಮಕ್ಕಳ ವೈದ್ಯಶಾಸ್ತ್ರ, ಭಾಷಾವಿಜ್ಞಾನ, ಆಹಾರ ವಿಜ್ಞಾನ, ಶಿಕ್ಷಣ ಮತ್ತು ಮಾನವಶಾಸ್ತ್ರಗಳು ಸೇರಿ ಈ ವಿಷಯವನ್ನು ಅಧ್ಯಯನ ಮಾಡುತ್ತವೆ.

ಈ ವಿಜ್ಞಾನದ ತಿಳಿವಳಿಕೆಯ ಬಹುಪಾಲು ಯುರೋಪ್ ಮತ್ತು ಅಮೆರಿಕದ ಮಕ್ಕಳನ್ನು ನೋಡಿ ಬಂದದ್ದು. ಅದರಲ್ಲಿ ಎಲ್ಲ ಮಕ್ಕಳಿಗೂ ಸಲ್ಲುವುದೆಷ್ಟು, ಆ ಮಕ್ಕಳ ಭಾಷೆ, ಊಟ, ಮನೆ, ಶಾಲೆಗಳಿಂದ ಬಂದದ್ದೆಷ್ಟು ಎಂಬುದನ್ನು ಬೇರೆ ನೆಲದ ಮಕ್ಕಳನ್ನು ಅವರದೇ ಭಾಷೆಯಲ್ಲಿ ಅಧ್ಯಯನ ಮಾಡಿದಾಗಲೇ ತಿಳಿಯಲು ಸಾಧ್ಯ. ಕರ್ನಾಟಕದಲ್ಲಿ 1930ರ ದಶಕದಿಂದ ನಡೆದ ಕೆಲಸದ ಮುಖ್ಯ ಬೆಲೆ ಇರುವುದು ಇಲ್ಲಿಯೇ. ಹಲವು ಭಾಷೆ, ಹಲವು ಕಸುಬುಗಳು ಒತ್ತಾಗಿ ಕೂಡಿರುವ, ಕಾರವಾರದ ಬಳಿಯ ಬಿಣಗಾದಂಥ ಕರಾವಳಿಯ ಊರುಗಳು ಆ ಕೆಲಸ ಏಕೆ ಬೇಕೆಂಬುದನ್ನು ಸ್ಪಷ್ಟವಾಗಿ ತೋರಿಸುತ್ತವೆ.

ಬೆಳವಣಿಗೆಯ ಮುಖಗಳು

ಅಧ್ಯಯನದ ಅನುಕೂಲಕ್ಕಾಗಿ ಬೆಳವಣಿಗೆಯನ್ನು ದೈಹಿಕ, ಚಲನೆಯ, ಬೌದ್ಧಿಕ, ಭಾಷಿಕ ಮತ್ತು ಸಾಮಾಜಿಕ–ಭಾವನಾತ್ಮಕ ಎಂದು ವಿಂಗಡಿಸುತ್ತಾರೆ. ಕತ್ತು ನಿಲ್ಲುವುದು, ಬೋರಲು ಬೀಳುವುದು, ಆಸರೆಯಿಲ್ಲದೆ ಕೂರುವುದು, ಅಂಬೆಗಾಲು, ನಿಲ್ಲುವುದು, ನಡೆಯುವುದು ಎಂಬ ಸಾಲನ್ನು ಮನೆಯ ಹಿರಿಯರೆಲ್ಲ ಬಲ್ಲರು. ವಿಶ್ವ ಆರೋಗ್ಯ ಸಂಸ್ಥೆ ಭಾರತ, ಘಾನಾ, ನಾರ್ವೆ, ಒಮಾನ್ ಮತ್ತು ಅಮೆರಿಕದ ಮಕ್ಕಳನ್ನು ನೋಡಿ 2006ರಲ್ಲಿ ಪ್ರಕಟಿಸಿದ ಮಾನದಂಡದ ಪ್ರಕಾರ, ಆರೋಗ್ಯವಂತ ಮಗು ಆಸರೆಯಿಲ್ಲದೆ ಕೂರುವುದು 3.8ರಿಂದ 9.2 ತಿಂಗಳ ನಡುವೆ, ಒಂಟಿಯಾಗಿ ನಡೆಯುವುದು 8.2ರಿಂದ 17.6 ತಿಂಗಳ ನಡುವೆ. ಶೇ. 4ಕ್ಕೂ ತುಸು ಹೆಚ್ಚು ಮಕ್ಕಳು ಅಂಬೆಗಾಲಿಡದೆಯೇ ನೇರ ನಡಿಗೆಗೆ ಬಂದರು. ಪಕ್ಕದ ಮನೆಯ ಮಗು ಹತ್ತು ತಿಂಗಳಿಗೆ ನಡೆಯಿತೆಂದು ಹದಿನಾಲ್ಕು ತಿಂಗಳ ಮಗುವಿನ ತಾಯಿ ಕಂಗೆಡಬೇಕಿಲ್ಲ ಎಂಬುದಕ್ಕೆ ಈ ಅಂಕಿಗಳೇ ಆಧಾರ.

ಒಂದು ಮುಖದ ಬೆಳವಣಿಗೆ ಇನ್ನೊಂದನ್ನು ಎಳೆದುಕೊಂಡು ಬರುತ್ತದೆ. ನಡೆಯತೊಡಗಿದ ಮಗು ವಸ್ತುಗಳನ್ನು ಎತ್ತಿ ತಂದು ತೋರಿಸುತ್ತದೆ, ದೊಡ್ಡವರು ಅವುಗಳ ಹೆಸರು ಹೇಳುತ್ತಾರೆ, ಶಬ್ದಭಂಡಾರ ಹೆಚ್ಚುತ್ತದೆ. ಕಿವಿ ಕೇಳಿಸದ ಮಗುವಿಗೆ ಮಾತು ತಡವಾಗುತ್ತದೆ, ಅದರಿಂದ ಆಟದ ಒಡನಾಟವೂ ಕುಂಠಿತವಾಗುತ್ತದೆ.

ಕಲಿಕೆಯ ಸಿದ್ಧಾಂತಗಳು

ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ (1896–1980) ಮಗುವನ್ನು ತನ್ನ ಅರಿವನ್ನು ತಾನೇ ಕಟ್ಟಿಕೊಳ್ಳುವ ಜೀವಿ ಎಂದು ಕಂಡರು. ಅವರ ಪ್ರಕಾರ ಬುದ್ಧಿ ನಾಲ್ಕು ಹಂತಗಳಲ್ಲಿ ಬೆಳೆಯುತ್ತದೆ: ಎರಡು ವರ್ಷದವರೆಗೆ ಸಂವೇದನೆ ಮತ್ತು ಚಲನೆಯ ಹಂತ, ಏಳರವರೆಗೆ ಕಾರ್ಯಪೂರ್ವ ಹಂತ, ಹನ್ನೊಂದರವರೆಗೆ ಮೂರ್ತ ಕಾರ್ಯಗಳ ಹಂತ, ಆಮೇಲೆ ಅಮೂರ್ತ ಚಿಂತನೆಯ ಹಂತ. ಅವರ ಪ್ರಸಿದ್ಧ ಪರೀಕ್ಷೆಯನ್ನು ಯಾವ ಅಂಗನವಾಡಿಯಲ್ಲೂ ಮಾಡಿ ನೋಡಬಹುದು. ಒಂದೇ ಅಳತೆಯ ಎರಡು ಲೋಟಗಳಲ್ಲಿ ಸಮನಾಗಿ ನೀರು ತುಂಬಿ, ಮಗುವಿನ ಎದುರಿಗೇ ಒಂದರ ನೀರನ್ನು ಉದ್ದನೆಯ ಸಣ್ಣ ಬಾಟಲಿಗೆ ಸುರಿಯಬೇಕು. ನಾಲ್ಕು ವರ್ಷದ ಮಗು ಸಾಮಾನ್ಯವಾಗಿ ಬಾಟಲಿಯಲ್ಲಿ ಹೆಚ್ಚು ನೀರಿದೆ ಎನ್ನುತ್ತದೆ. ಏಳೆಂಟು ವರ್ಷದ ಮಗು ‘ಅದೇ ನೀರಲ್ವಾ, ಏನೂ ಸೇರಿಸಿಲ್ಲವಲ್ಲ’ ಎಂದು ಕಾರಣ ಕೊಡುತ್ತದೆ.

ಈ ಹಂತಗಳು ಬರುವ ವಯಸ್ಸು ಎಲ್ಲೆಡೆ ಒಂದೇ ಅಲ್ಲ. ಮೆಕ್ಸಿಕೋದ ಕುಂಬಾರ ಮನೆಗಳ ಮಕ್ಕಳ ಬಗ್ಗೆ 1969ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಣ್ಣಿನ ಮುದ್ದೆಯ ಆಕಾರ ಬದಲಿಸಿದರೂ ಮಣ್ಣು ಅಷ್ಟೇ ಇರುತ್ತದೆ ಎಂಬುದನ್ನು ಆ ಮಕ್ಕಳು ಅದೇ ವಯಸ್ಸಿನ ಇತರರಿಗಿಂತ ಚೆನ್ನಾಗಿ ಬಲ್ಲರು ಎಂದು ಕಂಡುಬಂತು. ಕೈಯ ಅನುಭವ ಬುದ್ಧಿಯ ಹೆಜ್ಜೆಯನ್ನು ಚುರುಕುಗೊಳಿಸಿತ್ತು.

ರಷ್ಯಾದ ಲೆವ್ ವೈಗಾಟ್‌ಸ್ಕಿ (1896–1934) ಕಲಿಕೆಯ ಮೂಲವನ್ನು ಒಡನಾಟದಲ್ಲಿ ಕಂಡರು. ಮಗು ಒಂಟಿಯಾಗಿ ಮಾಡಬಲ್ಲದ್ದು ಒಂದು ಮಟ್ಟ, ಬಲ್ಲವರ ನೆರವಿನಿಂದ ಮಾಡಬಲ್ಲದ್ದು ಇನ್ನೊಂದು. ಇವೆರಡರ ನಡುವಿನ ಅಂತರವನ್ನು ಅವರು ಸಮೀಪ ವಿಕಾಸ ವಲಯ ಎಂದು ಕರೆದರು. ಒಳ್ಳೆಯ ಬೋಧನೆ ನಡೆಯುವುದು ಆ ಅಂತರದಲ್ಲಿ. ಅಮೆರಿಕದ ಯೂರಿ ಬ್ರಾನ್‌ಫೆನ್‌ಬ್ರೆನರ್ 1979ರ ಪುಸ್ತಕದಲ್ಲಿ ಮನೆ, ಶಾಲೆ, ನೆರೆಹೊರೆ, ತಂದೆತಾಯಿಯ ಕೆಲಸ, ಸರ್ಕಾರದ ನೀತಿ ಎಲ್ಲವನ್ನೂ ಮಗುವಿನ ಬೆಳವಣಿಗೆಯ ವಲಯಗಳೆಂದು ವಿವರಿಸಿದರು. ಗ್ವಾಟೆಮಾಲಾದ ಮಾಯಾ ಸಮುದಾಯಗಳಲ್ಲಿ ಕೆಲಸ ಮಾಡಿದ ಬಾರ್ಬರಾ ರೋಗಾಫ್, ಪಾಠ ಹೇಳಿಸಿಕೊಳ್ಳದೆ ದೊಡ್ಡವರ ಕೆಲಸವನ್ನು ಗಮನಿಸಿ, ಕೈಜೋಡಿಸಿ ಮಕ್ಕಳು ಕಲಿಯುವ ಬಗೆಯನ್ನು ವಿಸ್ತಾರವಾಗಿ ದಾಖಲಿಸಿದರು.

ಅಧ್ಯಯನದ ವಿಧಾನಗಳು

ಮಗುವನ್ನು ಕೂರಿಸಿ ಪ್ರಶ್ನೆ ಕೇಳಿ ಉತ್ತರ ಪಡೆಯುವುದು ಎಲ್ಲ ವಯಸ್ಸಿನಲ್ಲೂ ಆಗದ ಕೆಲಸ. ಅದಕ್ಕೇ ಈ ಕ್ಷೇತ್ರದಲ್ಲಿ ವಿಧಾನಗಳು ಹಲವು. ಮಾತು ಬಾರದ ಶಿಶುವಿನ ನೋಟವನ್ನೇ ಉತ್ತರವಾಗಿ ಓದುತ್ತಾರೆ: ಶಿಶು ಹೊಸದನ್ನು ಹೆಚ್ಚು ಹೊತ್ತು ನೋಡುತ್ತದೆ, ಹಳೆಯದರಿಂದ ಕಣ್ಣು ತೆಗೆಯುತ್ತದೆ. ನೋಟದ ಅವಧಿ ಅಳೆದರೆ ಎರಡು ಚಿತ್ರ ಅಥವಾ ಎರಡು ಧ್ವನಿಗಳ ನಡುವಿನ ವ್ಯತ್ಯಾಸ ಅದಕ್ಕೆ ತಿಳಿಯಿತೇ ಎಂದು ಗೊತ್ತಾಗುತ್ತದೆ. ಸಹಜ ವೀಕ್ಷಣೆಯಲ್ಲಿ ಸಂಶೋಧಕರು ಮನೆ, ಅಂಗಳ, ತರಗತಿಗಳಲ್ಲಿ ಮಗು ಏನು ಮಾಡುತ್ತದೆಂದು ದಾಖಲಿಸುತ್ತಾರೆ. ಪ್ರಮಾಣೀಕೃತ ಪರೀಕ್ಷೆಯಲ್ಲಿ ಎಲ್ಲ ಮಕ್ಕಳಿಗೂ ಒಂದೇ ಕ್ರಮದಲ್ಲಿ ಪ್ರಶ್ನೆ ಕೊಟ್ಟು, ಆ ವಯಸ್ಸಿನವರ ಸರಾಸರಿಯೊಂದಿಗೆ ಹೋಲಿಸುತ್ತಾರೆ.

ವಯಸ್ಸಿನೊಂದಿಗೆ ಏನು ಬದಲಾಗುತ್ತದೆಂದು ತಿಳಿಯಲು ಎರಡು ದಾರಿಗಳಿವೆ. ಬೇರೆ ಬೇರೆ ವಯಸ್ಸಿನ ಮಕ್ಕಳನ್ನು ಒಂದೇ ಸಮಯಕ್ಕೆ ನೋಡುವ ಅಧ್ಯಯನ ಬೇಗ ಮುಗಿಯುತ್ತದೆ. ಅದೇ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸುವ ದೀರ್ಘಾವಧಿ ಅಧ್ಯಯನಕ್ಕೆ ತಾಳ್ಮೆ, ಹಣ ಎರಡೂ ಬೇಕು. ಆದರೆ ಬಾಲ್ಯದ ಯಾವುದು ಮುಂದೆ ಏನಾಯಿತೆಂದು ಅದರಿಂದ ತಿಳಿಯುತ್ತದೆ. ನ್ಯೂಜಿಲೆಂಡಿನ ಡನೀಡಿನ್‌ನಲ್ಲಿ 1972–73ರಲ್ಲಿ ಹುಟ್ಟಿದ 1,037 ಮಕ್ಕಳ ಅಧ್ಯಯನ ಇದಕ್ಕೆ ಜಗತ್ಪ್ರಸಿದ್ಧ ಉದಾಹರಣೆ.

ಯಾವ ಕ್ರಮದಿಂದ ಮಕ್ಕಳಿಗೆ ಲಾಭವಾಯಿತೆಂದು ತಿಳಿಯಲು ಪ್ರಯೋಗ ಬೇಕು. ವಡೋದರಾ ಮತ್ತು ಮುಂಬೈನ ಶಾಲೆಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಹಿಂದುಳಿದ ಮಕ್ಕಳಿಗೆ ಅವರ ಮಟ್ಟದಲ್ಲಿ ಪಾಠ ಹೇಳುವ ಬಾಲಸಖಿಯರನ್ನು ಒಂದು ಗುಂಪಿಗೆ ಕೊಟ್ಟು ನೋಡಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಬಾಲಸಖಿಯರಿದ್ದ ಶಾಲೆಗಳಲ್ಲಿ ಕಲಿಕೆ ಸುಧಾರಿಸಿತ್ತು. ಆ ಅಧ್ಯಯನ ನಡೆಸಿದವರಲ್ಲಿ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೋ ಇದ್ದರು.

ಕರ್ನಾಟಕದಲ್ಲಿ ಅಧ್ಯಯನದ ಬೆಳವಣಿಗೆ

ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಬಳಿ ಓದಿ ಬಂದಿದ್ದ ಎಂ.ವಿ. ಗೋಪಾಲಸ್ವಾಮಿ ಅದನ್ನು ಕಟ್ಟಿದರು. ಅದೇ ವಿಶ್ವವಿದ್ಯಾನಿಲಯದಲ್ಲಿ ಕೆಲಸ ಮಾಡಿದ ಬಿ. ಕುಪ್ಪುಸ್ವಾಮಿ ಮಕ್ಕಳ ನಡವಳಿಕೆ ಮತ್ತು ವಿಕಾಸದ ಬಗ್ಗೆ ಪಠ್ಯಪುಸ್ತಕ ಬರೆದರು. ಕುಟುಂಬದ ಓದು, ಉದ್ಯೋಗ, ಆದಾಯಗಳನ್ನು ಅಳೆಯುವ ಅವರ 1976ರ ಮಾಪಕವನ್ನು ಭಾರತದ ಮಕ್ಕಳ ಆರೋಗ್ಯದ ಅಧ್ಯಯನಗಳು ಇಂದಿಗೂ ಬಳಸುತ್ತವೆ.

ಮಕ್ಕಳ ಬುದ್ಧಿಮಾಪನದಲ್ಲಿ ಮೊದಲ ದೊಡ್ಡ ಹೆಜ್ಜೆ ಇಟ್ಟದ್ದು ಧಾರವಾಡ. ಫ್ರಾನ್ಸಿನ ಆಲ್ಫ್ರೆಡ್ ಬಿನೆ 1905ರಲ್ಲಿ ರೂಪಿಸಿದ ಪರೀಕ್ಷೆಯನ್ನು ಅಮೆರಿಕದಲ್ಲಿ 1916ರಲ್ಲಿ ಪರಿಷ್ಕರಿಸಲಾಗಿತ್ತು. ಅದನ್ನು ವಿ.ವಿ. ಕಾಮತ್ ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದಿಸಿ, 1934ರಲ್ಲಿ ಬ್ರಿಟನ್ನಿನ ಶೈಕ್ಷಣಿಕ ಮನಶ್ಶಾಸ್ತ್ರದ ಪತ್ರಿಕೆಯಲ್ಲಿ ಪ್ರಕಟಿಸಿದರು. ಆಗ ಧಾರವಾಡವೂ ಕಾರವಾರವೂ ಮುಂಬೈ ಪ್ರಾಂತ್ಯದಲ್ಲಿದ್ದವು. ಶಾಲೆಗಳಲ್ಲಿ ಎರಡೂ ಭಾಷೆ ನಡೆಯುತ್ತಿದ್ದವು. ಬಿನೆ–ಕಾಮತ್ ಪರೀಕ್ಷೆ ಎಂದು ಹೆಸರಾದ ಇದು ಆಸ್ಪತ್ರೆ ಮತ್ತು ವಿಶೇಷ ಶಾಲೆಗಳಲ್ಲಿ ದಶಕಗಳ ಕಾಲ ಬಳಕೆಯಲ್ಲಿ ಉಳಿಯಿತು. ಪ್ರಶ್ನೆಯನ್ನು ಮಗುವಿನ ಭಾಷೆಗೆ ತಂದರಷ್ಟೇ ಸಾಲದು, ಇಲ್ಲಿನ ಮಕ್ಕಳನ್ನೇ ಪರೀಕ್ಷಿಸಿ ವಯಸ್ಸಿನ ಸರಾಸರಿಯನ್ನು ಹೊಸದಾಗಿ ಕಂಡುಕೊಳ್ಳಬೇಕು ಎಂಬ ಪಾಠವನ್ನು ಕಾಮತ್ ಅವರ ಕೆಲಸ ಅಷ್ಟು ಬೇಗ ಕಲಿಸಿತು. ಅಂಥ ಸರಾಸರಿಗಳು ಕಾಲ ಕಳೆದಂತೆ ಹಳತಾಗುತ್ತವೆ ಎಂಬುದೂ ಅದೇ ಪಾಠದ ಭಾಗ.

ಸ್ವಾತಂತ್ರ್ಯಾನಂತರ ಸಂಸ್ಥೆಗಳು ಬೆಳೆದವು. ಮೈಸೂರಿನಲ್ಲಿ ಪ್ರಾದೇಶಿಕ ಶಿಕ್ಷಣ ಸಂಸ್ಥೆ 1963ರಲ್ಲಿ, ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಲ್ಲಿ, ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ 1969ರಲ್ಲಿ ಆರಂಭವಾದವು. ಬೆಂಗಳೂರಿನಲ್ಲಿ 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಮಕ್ಕಳ ಮನೋವೈದ್ಯಕೀಯದ ಮುಖ್ಯ ಕೇಂದ್ರವಾಯಿತು. ಅಲ್ಲಿನ ತಂಡ ಬೆಂಗಳೂರಿನ ನಗರ, ಗ್ರಾಮೀಣ ಪ್ರದೇಶಗಳ ಹದಿನಾರು ವರ್ಷದೊಳಗಿನ 2,064 ಮಕ್ಕಳನ್ನು ನೋಡಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 12.5 ಮಕ್ಕಳಲ್ಲಿ ಒಂದಿಲ್ಲೊಂದು ಮನೋವೈದ್ಯಕೀಯ ತೊಂದರೆ ಕಂಡುಬಂತು. ಮಕ್ಕಳ ಮನಸ್ಸಿನ ಸಮಸ್ಯೆ ದೊಡ್ಡ ಊರಿನ ಕೆಲವೇ ಮನೆಗಳ ಮಾತು ಎಂಬ ನಂಬಿಕೆಗೆ ಅದು ಉತ್ತರ ಕೊಟ್ಟಿತು.

ಮಾತು ಕಲಿಯುವ ಬಗೆ

ಮಕ್ಕಳು ವ್ಯಾಕರಣವನ್ನು ಕೇಳಿದ ಮಾತಿನಿಂದಷ್ಟೇ ಕಲಿಯುತ್ತಾರೋ, ಹುಟ್ಟಿನಿಂದ ಬಂದ ಸಿದ್ಧತೆಯೂ ಇದೆಯೋ ಎಂಬುದು ಭಾಷಾವಿಜ್ಞಾನದ ದೊಡ್ಡ ಪ್ರಶ್ನೆ. ಇದಕ್ಕೆ ಕನ್ನಡದ ಮಕ್ಕಳು ಮಹತ್ವದ ಸಾಕ್ಷ್ಯ ಕೊಟ್ಟಿದ್ದಾರೆ. ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್ ಮತ್ತು ಲೀಲಾ ಗ್ಲೈಟ್‌ಮನ್ 2003ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಕನ್ನಡವನ್ನು ಆರಿಸಿಕೊಂಡದ್ದು ಅದರ ‘ಇಸು’ ಪ್ರತ್ಯಯಕ್ಕಾಗಿ. ಕುಣಿ ಎಂಬುದು ಕುಣಿಸು ಆದರೆ ಒಬ್ಬರು ಇನ್ನೊಬ್ಬರಿಂದ ಆ ಕೆಲಸ ಮಾಡಿಸಿದರೆಂದು ಕನ್ನಡಿಗರಿಗೆ ಸಂದೇಹವಿಲ್ಲದೆ ತಿಳಿಯುತ್ತದೆ.

ಮೂರು ವರ್ಷದ ಆಸುಪಾಸಿನ ಮಕ್ಕಳ ಮುಂದೆ ಆಟಿಕೆಯ ಪ್ರಾಣಿಗಳನ್ನಿಟ್ಟು, ಕೇಳಿದ ವಾಕ್ಯವನ್ನು ಆಡಿ ತೋರಿಸಲು ಹೇಳಿದರು. ವಾಕ್ಯದಲ್ಲಿ ಎರಡು ಪ್ರಾಣಿಗಳ ಹೆಸರಿದ್ದರೆ ಮಕ್ಕಳು ಒಂದು ಪ್ರಾಣಿಯಿಂದ ಇನ್ನೊಂದರ ಮೇಲೆ ಕ್ರಿಯೆ ಮಾಡಿಸಿದರು. ಒಂದೇ ಹೆಸರಿದ್ದಾಗ ಕ್ರಿಯಾಪದಕ್ಕೆ ‘ಇಸು’ ಸೇರಿದ್ದರೂ ಪ್ರಾಣಿಯನ್ನು ತನ್ನಷ್ಟಕ್ಕೆ ಕುಣಿಸಿದರು. ದೊಡ್ಡವರು ನೆಚ್ಚುವುದು ಪ್ರತ್ಯಯವನ್ನು. ಮಕ್ಕಳು ನೆಚ್ಚಿದ್ದು ಹೆಸರುಗಳ ಎಣಿಕೆಯನ್ನು. ತಮ್ಮ ಕಿವಿಗೆ ಬೀಳುವ ಭಾಷೆಯಲ್ಲಿ ಪ್ರತ್ಯಯವೇ ಹೆಚ್ಚು ಭರವಸೆಯ ಸುಳಿವಾಗಿದ್ದರೂ ಮಕ್ಕಳು ಇನ್ನೊಂದನ್ನು ಹಿಡಿದರು ಎಂಬುದರಿಂದ, ಭಾಷೆ ಕಲಿಯುವಾಗ ಮಗು ತನ್ನದೇ ಸಿದ್ಧತೆಯನ್ನು ತರುತ್ತದೆ ಎಂಬ ವಾದಕ್ಕೆ ಬಲ ಬಂತು.

ಅಕ್ಷರ ಮತ್ತು ಓದು

ಇಂಗ್ಲಿಷ್ ಓದುವ ಮಕ್ಕಳ ಅಧ್ಯಯನಗಳಲ್ಲಿ, ಪದದೊಳಗಿನ ಬಿಡಿ ಧ್ವನಿಗಳನ್ನು ಗುರುತಿಸುವ ಶಕ್ತಿ ಓದಿನ ಬುನಾದಿ ಎಂದು ಹೇಳುತ್ತಾರೆ. ಕನ್ನಡದಲ್ಲಿ ಚಿತ್ರ ಬೇರೆ. ‘ಕಡಲು’ ಪದದಿಂದ ‘ಕ’ ಬಿಟ್ಟು ಹೇಳು ಎಂದರೆ ಒಂದನೇ ತರಗತಿಯ ಮಗು ‘ಡಲು’ ಎಂದು ಥಟ್ಟನೆ ಹೇಳೀತು. ‘ಕ್’ ಧ್ವನಿಯನ್ನಷ್ಟೇ ಬಿಟ್ಟು ‘ಅಡಲು’ ಎನ್ನಬೇಕಾದರೆ ತಡಕಾಡುತ್ತದೆ, ಏಕೆಂದರೆ ಬರವಣಿಗೆಯಲ್ಲಿ ಅದು ಕಲಿಯುವ ಘಟಕ ಇಡೀ ಅಕ್ಷರ.

ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್ನಿನ ಸೋನಾಲಿ ನಾಗ್ ಐದರಿಂದ ಹತ್ತು ವರ್ಷದ ಮಕ್ಕಳ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಅಳೆದು ತೋರಿಸಿತು. ಅಕ್ಷರ ಮಟ್ಟದ ಅರಿವು ಬೇಗ ಬರುತ್ತದೆ; ಬಿಡಿ ಧ್ವನಿಯ ಅರಿವು ನಿಧಾನವಾಗಿ ಮೂಡುತ್ತದೆ; ಕನ್ನಡದ ಲಿಪಿಯನ್ನು ಪೂರ್ತಿ ವಶ ಮಾಡಿಕೊಳ್ಳುವ ಕೆಲಸ ನಾಲ್ಕನೇ ತರಗತಿಯವರೆಗೂ ಸಾಗುತ್ತದೆ. ಕಾರಣ ಲಿಪಿಯ ವಿಸ್ತಾರ. 13 ಸ್ವರ, 34 ವ್ಯಂಜನಗಳಿಂದ ಹುಟ್ಟುವ ಗುಣಿತಾಕ್ಷರಗಳೇ 400 ದಾಟುತ್ತವೆ, ಒತ್ತಕ್ಷರಗಳು ಬೇರೆ. ಇಪ್ಪತ್ತಾರು ಅಕ್ಷರಗಳ ಲಿಪಿಯನ್ನು ಕಲಿಯುವ ಮಗುವಿನ ವೇಗವನ್ನು ಈ ಮಗುವಿನಿಂದ ನಿರೀಕ್ಷಿಸುವುದು ಅನ್ಯಾಯ. ಎರಡನೇ ತರಗತಿಯಲ್ಲಿ ಒತ್ತಕ್ಷರ ತಪ್ಪುವ ಮಗುವಿಗೆ ದಡ್ಡ ಎಂಬ ಪಟ್ಟ ಕಟ್ಟಬಾರದು ಎಂಬುದು ಈ ಅಧ್ಯಯನದಿಂದ ಶಾಲೆಗಳು ತೆಗೆದುಕೊಳ್ಳಬೇಕಾದ ಮೊದಲ ಪಾಠ. ವಾಕ್ ಮತ್ತು ಶ್ರವಣ ಕ್ಷೇತ್ರದ ಪ್ರತಿಭಾ ಕಾರಂತ ಅವರ ಕೆಲಸವೂ ಇದೇ ದಿಕ್ಕಿನದು. ಕನ್ನಡಕ್ಕಾಗಿ ಭಾಷಾ ಪರೀಕ್ಷೆ ರೂಪಿಸಿದ ಅವರು, ಕನ್ನಡ ಓದಿನ ಕ್ರಮವನ್ನು ಇಂಗ್ಲಿಷಿನ ಮಾದರಿಯಿಂದ ಬೇರೆಯಾಗಿ ನೋಡಬೇಕೆಂದು ತೋರಿಸಿದರು.

ಲೆಕ್ಕ: ಸಂತೆಯಲ್ಲಿ, ಶಾಲೆಯಲ್ಲಿ

ಬ್ರೆಜಿಲ್‌ನ ರೆಸಿಫೆ ನಗರದ ಬೀದಿ ವ್ಯಾಪಾರದ ಮಕ್ಕಳ ಬಗ್ಗೆ 1985ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ಶೇ. 98 ಸರಿಯಾದವು. ಅಂಥದೇ ಲೆಕ್ಕವನ್ನು ಕಾಗದದ ಮೇಲೆ ಬರಿಯ ಅಂಕಿಗಳಾಗಿ ಕೊಟ್ಟಾಗ ಸರಿಯುತ್ತರ ಶೇ. 37ಕ್ಕೆ ಇಳಿಯಿತು. ಕೋಲ್ಕತ್ತಾ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳ ಬಗ್ಗೆ 2025ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ಭಾರತದಲ್ಲಿ ದೃಢಪಡಿಸಿ ಇನ್ನೊಂದು ಮಾತು ಸೇರಿಸಿತು: ಶಾಲೆಯ ಲೆಕ್ಕದಲ್ಲಿ ಮುಂದಿರುವ ಮಕ್ಕಳು ಮಾರುಕಟ್ಟೆಯ ಲೆಕ್ಕದಲ್ಲಿ ಎಡವಿದರು. ಎರಡೂ ಕಡೆ ಬುದ್ಧಿಯ ಕೊರತೆಯಿಲ್ಲ, ನಡುವೆ ದಾಟುವ ದಾರಿಯಿಲ್ಲ. ಮೀನು ಮಾರುವ ತಾಯಿಯ ಪಕ್ಕದಲ್ಲಿ ಕೂತು ಚಿಲ್ಲರೆ ಎಣಿಸಿ ಕೊಡುವ ಕಾರವಾರದ ಹುಡುಗಿಗೂ ಈ ಮಾತು ಸಲ್ಲುತ್ತದೆ. ಐನೂರರ ನೋಟಿಗೆ ಎಷ್ಟು ವಾಪಸ್ ಎಂಬುದನ್ನು ಬಾಯಲ್ಲೇ ಹೇಳುವ ಅವಳ ಜಾಣ್ಮೆಯನ್ನು ವ್ಯವಕಲನದ ಪಾಠಕ್ಕೆ ಮೆಟ್ಟಿಲಾಗಿಸುವುದು ಶಿಕ್ಷಕರ ಕೈಯಲ್ಲಿದೆ.

ಮೈಸೂರಿನ ದೀರ್ಘಾವಧಿ ಅಧ್ಯಯನಗಳು

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಪುಸ್ತಕದಲ್ಲಿ ಬರೆದಿಡಲಾಗಿತ್ತು. ಆ ದಾಖಲೆ ಹಿಡಿದು ದೊಡ್ಡವರಾದವರನ್ನು ಹುಡುಕಿ ಪರೀಕ್ಷಿಸಿದಾಗ, ಹುಟ್ಟಿದಾಗಿನ ತೂಕಕ್ಕೂ ನಡುವಯಸ್ಸಿನ ಹೃದಯರೋಗಕ್ಕೂ ನಂಟು ಕಂಡುಬಂತು. 1996ರಲ್ಲಿ ಪ್ರಕಟವಾದ ಈ ಶೋಧ, ಗರ್ಭದ ದಿನಗಳು ಇಡೀ ಬಾಳಿನ ಮೇಲೆ ಮುದ್ರೆ ಒತ್ತುತ್ತವೆ ಎಂಬ ಚಿಂತನೆಗೆ ಭಾರತದಿಂದ ಬಂದ ಮುಖ್ಯ ಸಾಕ್ಷ್ಯ.

ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡು ಆರಂಭವಾದ ಪಾರ್ಥೆನಾನ್ ಅಧ್ಯಯನ, ಹುಟ್ಟಿದ ಮಕ್ಕಳನ್ನು ಹರೆಯದಾಚೆಗೂ ಹಿಂಬಾಲಿಸಿತು. ಅದರ 536 ಮಕ್ಕಳ ಬುದ್ಧಿಶಕ್ತಿಯನ್ನು ಒಂಬತ್ತು–ಹತ್ತು ವರ್ಷದಲ್ಲಿ ಅಳೆದು 2010ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಗರ್ಭಿಣಿಯಾಗಿದ್ದಾಗ ರಕ್ತದಲ್ಲಿ ಫೋಲೇಟ್ ಹೆಚ್ಚಿದ್ದ ತಾಯಂದಿರ ಮಕ್ಕಳು ಹೆಚ್ಚು ಅಂಕ ಪಡೆದರು. ಬಿ-12 ಜೀವಸತ್ವದ ವಿಷಯದಲ್ಲಿ ಅಂಥ ನಂಟು ಕಾಣಲಿಲ್ಲ. ಇಂಥ ಅಧ್ಯಯನ ನಂಟನ್ನು ತೋರಿಸುತ್ತದೆ. ಅದೇ ಕಾರಣ ಎಂದು ಸಾಧಿಸಲು ಪ್ರಯೋಗ ಬೇಕು. ಮೈಸೂರಿನ ತಂಡದ ಶಿಸ್ತು ಮಾತ್ರ ಅನುಕರಣೀಯ: ಒಂದು ಊರಿನ ಕುಟುಂಬಗಳ ವಿಶ್ವಾಸ ಗಳಿಸಿ ಎರಡು ದಶಕ ಉಳಿಸಿಕೊಳ್ಳುವುದು ಸಣ್ಣ ಸಾಧನೆಯಲ್ಲ.

ಬಿಣಗಾ ಮತ್ತು ಕಾರವಾರ–ಅಂಕೋಲಾ ಕರಾವಳಿ

ಬಿಣಗಾ ಇರುವುದು ಕಾರವಾರದ ದಕ್ಷಿಣಕ್ಕೆ, ಅಂಕೋಲಾದ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿಯಲ್ಲಿ, ಗುಡ್ಡ ಮತ್ತು ಕಡಲಿನ ನಡುವೆ. ಊರಿನಲ್ಲಿ ಕಾಸ್ಟಿಕ್ ಸೋಡಾ ಕಾರ್ಖಾನೆ ಇದೆ. ಪಕ್ಕದಲ್ಲೇ ಸೀಬರ್ಡ್ ನೌಕಾನೆಲೆ. ಅದಕ್ಕೆ 1986ರಲ್ಲಿ ಅಡಿಗಲ್ಲು ಇಡಲಾಯಿತು, ಐಎನ್‌ಎಸ್ ಕದಂಬ 2005ರ ಮೇ 31ರಂದು ಕಾರ್ಯಾರಂಭ ಮಾಡಿತು. ಯೋಜನೆಗಾಗಿ ಈ ಕರಾವಳಿಯ ಹಲವು ಊರುಗಳ ಕುಟುಂಬಗಳು ಮನೆ, ಗದ್ದೆ, ದೋಣಿ ಕಟ್ಟುವ ದಡಗಳನ್ನು ಬಿಟ್ಟು ಬೇರೆಡೆ ನೆಲೆಸಬೇಕಾಯಿತು. ಮಗು ಹುಟ್ಟುವ ಮೊದಲೇ ಯಾರೋ ಎಲ್ಲೋ ಕೈಗೊಂಡ ತೀರ್ಮಾನ ಅದರ ಆಟದ ಜಾಗ, ಅಜ್ಜಿಯ ಮನೆಯ ದೂರ, ಅಪ್ಪನ ಕಸುಬುಗಳನ್ನು ಬದಲಿಸಬಲ್ಲದು ಎಂಬ ಬ್ರಾನ್‌ಫೆನ್‌ಬ್ರೆನರ್ ಮಾತಿಗೆ ಇಲ್ಲಿನ ಒಂದು ಇಡೀ ತಲೆಮಾರು ಸಾಕ್ಷಿ.

ಭಾಷೆಯಲ್ಲಿ ಈ ನೆಲ ಇನ್ನೂ ಸಂಪನ್ನ. ಹಲವು ಮನೆಗಳಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಕೆಲವರಲ್ಲಿ ಮರಾಠಿ, ನೌಕಾನೆಲೆಗೆ ಬಂದ ಕುಟುಂಬಗಳಿಂದ ಹಿಂದಿ. ಇಲ್ಲಿನ ನಾಲ್ಕು ವರ್ಷದ ಮಗುವಿಗೆ ಬೆಕ್ಕಿನ ಚಿತ್ರ ತೋರಿಸಿ ಇದೇನೆಂದು ಕೇಳಿದರೆ ‘ಮಾಜರ್’ ಎನ್ನಬಹುದು. ಕನ್ನಡದ ಉತ್ತರಪಟ್ಟಿ ಹಿಡಿದು ಕೂತವರು ಅದನ್ನು ತಪ್ಪೆಂದು ಗುರುತಿಸಿದರೆ, ಮಗುವಿಗೆ ಬೆಕ್ಕು ಗೊತ್ತಿಲ್ಲ ಎಂದು ಬರೆದಂತಾಯಿತು. ಎರಡು ಭಾಷೆಯಲ್ಲಿ ಬೆಳೆಯುವ ಮಗುವಿನ ಶಬ್ದಸಂಪತ್ತನ್ನು ಎರಡೂ ಭಾಷೆ ಕೂಡಿಸಿ ಎಣಿಸಬೇಕೆಂಬುದು ಇಂದಿನ ಒಪ್ಪಿತ ಕ್ರಮ. ಎರಡು ಭಾಷೆ ಮಗುವಿಗೆ ಹೊರೆ ಎಂಬ ಹಳೆಯ ಭಯಕ್ಕೆ ಆಧಾರವಿಲ್ಲ. ಒಡಿಶಾದ ಕೊಂಧ ಸಮುದಾಯದಲ್ಲಿ ಅಜಿತ್ ಮೊಹಂತಿ ನಡೆಸಿದ ಅಧ್ಯಯನಗಳಲ್ಲಿ ಕುಯಿ ಮತ್ತು ಒಡಿಯಾ ಎರಡನ್ನೂ ಬಲ್ಲ ಮಕ್ಕಳು, ಒಡಿಯಾವೊಂದನ್ನೇ ಬಲ್ಲವರಿಗಿಂತ ಭಾಷೆಯ ಬಗ್ಗೆ ಯೋಚಿಸುವ ಕೆಲಸಗಳಲ್ಲಿ ಮುಂದಿದ್ದರು. ಅವರ ಈ ಕುರಿತ ಪುಸ್ತಕವನ್ನು 1994ರಲ್ಲಿ ಪ್ರಕಟಿಸಿದ್ದು ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ.

ನೋಡಿ ಕಲಿಯುವ, ಕೈಜೋಡಿಸಿ ಕಲಿಯುವ ಕ್ರಮಕ್ಕೆ ಅಂಕೋಲಾ ತಾಲ್ಲೂಕಿನ ಹಾಲಕ್ಕಿ ಒಕ್ಕಲಿಗರಲ್ಲಿ ನಾಡು ಬಲ್ಲ ಉದಾಹರಣೆಗಳಿವೆ. ಹೊನ್ನಳ್ಳಿಯ ತುಳಸಿ ಗೌಡ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಎಳವೆಯಲ್ಲೇ ತಾಯಿಯ ಜೊತೆ ಅರಣ್ಯ ಇಲಾಖೆಯ ನರ್ಸರಿಗೆ ಕೂಲಿಗೆ ಹೋದವರು, ಯಾವ ತಾಯಿಮರದಿಂದ ಯಾವಾಗ ಬೀಜ ಎತ್ತಬೇಕು, ಯಾವ ಬೀಜ ಹೇಗೆ ಮೊಳೆಯುತ್ತದೆ ಎಂಬುದನ್ನು ಕೈಯಿಂದಲೇ ಕಲಿತು, ಅರಣ್ಯಾಧಿಕಾರಿಗಳೇ ಕೇಳಿ ತಿಳಿಯುವಂಥ ಪರಿಣತಿ ಗಳಿಸಿದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಬಡಿಗೇರಿಯ ಸುಕ್ರಿ ಬೊಮ್ಮಗೌಡ, 2017ರ ಪದ್ಮಶ್ರೀ ಪುರಸ್ಕೃತರು, ನೂರಾರು ಹಾಡುಗಳನ್ನು ಕಿವಿಯಿಂದ ಕಲಿತು ನೆನಪಿನಲ್ಲಿ ಹೊತ್ತವರು. ಓದು ಬರಹದ ಪರೀಕ್ಷೆಯೊಂದನ್ನೇ ಅಳತೆಗೋಲಾಗಿಸಿದರೆ ಇವರಿಬ್ಬರ ಬಾಲ್ಯದ ಕಲಿಕೆ ಲೆಕ್ಕಕ್ಕೇ ಬರುವುದಿಲ್ಲ.

ಹಾಗೆಂದು ಶಾಲೆ ಬೇಡವೆಂದು ಈ ಕರಾವಳಿ ಎಂದೂ ಹೇಳಿಲ್ಲ. ದಿನಕರ ದೇಸಾಯಿ (1909–1982) 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ ಜಿಲ್ಲೆಯ ಹಳ್ಳಿಗಳಲ್ಲಿ ಪ್ರೌಢಶಾಲೆಗಳನ್ನು ತೆರೆದರು. 1966ರಲ್ಲಿ ಅಂಕೋಲಾದಲ್ಲಿ ಗೋಖಲೆ ಸೆಂಟಿನರಿ ಕಾಲೇಜು ಆರಂಭವಾಯಿತು. ಗೇಣಿದಾರರ, ಮೀನುಗಾರರ ಮನೆಗಳಲ್ಲಿ ಮೊದಲ ಬಾರಿಗೆ ಓದಿದ ತಲೆಮಾರು ಅಲ್ಲಿ ರೂಪುಗೊಂಡಿತು. ತಾಯಿಯ ಓದಿನ ಮಟ್ಟ ಮಗುವಿನ ಆರೋಗ್ಯ ಮತ್ತು ಕಲಿಕೆಯೊಂದಿಗೆ ಗಾಢವಾಗಿ ಹೆಣೆದಿದೆ ಎಂದು ಜಗತ್ತಿನ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿರುವುದರಿಂದ, ಆ ಶಾಲೆಗಳ ಫಲ ಇಂದಿನ ಮಕ್ಕಳಿಗೂ ತಲುಪಿದೆ.

ಅಂಗನವಾಡಿ, ನಲಿ-ಕಲಿ ಮತ್ತು ತಪಾಸಣೆ

ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದಾಗ ಕರ್ನಾಟಕದಲ್ಲಿ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರ. ಇಂದು ಅಂಗನವಾಡಿ ಪ್ರತಿ ಹಳ್ಳಿಯಲ್ಲೂ ಮಗುವಿನ ಬೆಳವಣಿಗೆಯ ಮೊದಲ ದಾಖಲೆಯ ಜಾಗ. ಕಾರ್ಯಕರ್ತೆ ತಿಂಗಳಿಗೊಮ್ಮೆ ತೂಕ ತೆಗೆದು ತಾಯಿ ಕಾರ್ಡಿನ ನಕ್ಷೆಯಲ್ಲಿ ಚುಕ್ಕೆ ಇಡುತ್ತಾರೆ. ಒಂದು ಚುಕ್ಕೆಗಿಂತ ಚುಕ್ಕೆಗಳನ್ನು ಕೂಡಿಸಿದ ಗೆರೆ ಮುಖ್ಯ: ಎರಡು ಮೂರು ತಿಂಗಳು ಗೆರೆ ಮೇಲೇರದೆ ಅಡ್ಡ ಮಲಗಿದರೆ ಊಟ, ಭೇದಿ, ಜ್ವರಗಳ ಬಗ್ಗೆ ತಾಯಿಯನ್ನು ವಿಚಾರಿಸಬೇಕು. ಇದು ದೀರ್ಘಾವಧಿ ಅಧ್ಯಯನವೇ. ಸಂಶೋಧಕಿಯ ಜಾಗದಲ್ಲಿ ಊರಿನ ಹೆಣ್ಣುಮಗಳಿದ್ದಾಳೆ.

ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಶಿಕ್ಷಕರೇ ಯುನಿಸೆಫ್ ನೆರವಿನಿಂದ, ಋಷಿವ್ಯಾಲಿ ಶಾಲೆಯ ಮಾದರಿ ನೋಡಿ ಬೆಳೆಸಿದ ನಲಿ-ಕಲಿ ಪದ್ಧತಿ 2009ರ ಹೊತ್ತಿಗೆ ರಾಜ್ಯದ ಕನ್ನಡ ಶಾಲೆಗಳಿಗೆ ಹರಡಿತು. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ತಟ್ಟೆಗಳೆಂಬ ಗುಂಪುಗಳಲ್ಲಿ ಕೂರುತ್ತಾರೆ. ಕೆಲವು ಗುಂಪಿಗೆ ಶಿಕ್ಷಕರ ನೆರವು, ಕೆಲವಕ್ಕೆ ಜೊತೆಗಾರರದು, ಕೊನೆಯದು ಸ್ವಕಲಿಕೆಗೆ. ವೈಗಾಟ್‌ಸ್ಕಿಯ ವಿಚಾರ ಇಲ್ಲಿ ನೆಲದ ಮೇಲಿನ ಕೂರುವ ಕ್ರಮವಾಗಿದೆ. ಅಕ್ಷರಗಳನ್ನು ಅ ಆ ಇ ಈ ಎಂಬ ಸಾಲಿನಲ್ಲಿ ಕಲಿಸದೆ ರ, ಗ, ಸ, ದ, ಅ ಎಂದು ಆರಂಭಿಸುತ್ತಾರೆ. ಈ ಐದರಿಂದಲೇ ಸರ, ರಸ, ಅರಸ ಎಂದು ಅರ್ಥವುಳ್ಳ ಪದಗಳನ್ನು ಮಗು ಮೊದಲ ವಾರಗಳಲ್ಲೇ ಓದಬಲ್ಲದು.

ತಡವಾದ ಬೆಳವಣಿಗೆಯನ್ನು ಬೇಗ ಗುರುತಿಸಲು 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಭೇಟಿ ಕೊಡುತ್ತವೆ. ವಾಕ್ ಮತ್ತು ಶ್ರವಣ ಸಂಸ್ಥೆ ನವಜಾತ ಶಿಶುಗಳ ಶ್ರವಣ ತಪಾಸಣೆ ನಡೆಸುತ್ತದೆ. ಆಟಿಸಂ ಮೊದಲಾದ ತೊಂದರೆಗಳಿರುವ ಎಳೆಯ ಮಕ್ಕಳಿಗಾಗಿ ಪ್ರತಿಭಾ ಕಾರಂತ ಬೆಂಗಳೂರಿನಲ್ಲಿ 2000ದಲ್ಲಿ ಕಾಮ್ ಡೀಲ್ ಎಂಬ ಕಾರ್ಯಕ್ರಮ ಆರಂಭಿಸಿದರು. ಎಲ್ಲದರ ಹಿಂದಿನ ತತ್ವ ಒಂದೇ: ಎಳೆಯ ಮಿದುಳು ಹೆಚ್ಚು ಹೊಂದಿಕೊಳ್ಳಬಲ್ಲದು, ಆದ್ದರಿಂದ ನೆರವು ಬೇಗ ಸಿಗಬೇಕು.

ಕೋವಿಡ್ ಕಾಲದಲ್ಲಿ ಶಾಲೆ ಮುಚ್ಚಿದ್ದು ಕಲಿಕೆಗೆ ಏನು ಮಾಡಿತೆಂಬುದನ್ನು ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಮಕ್ಕಳಲ್ಲಿ ಅಳೆಯಿತು. 2021ರ ವರದಿಯಂತೆ ಶೇ. 92 ಮಕ್ಕಳು ಭಾಷೆಯಲ್ಲಿ, ಶೇ. 82 ಮಕ್ಕಳು ಗಣಿತದಲ್ಲಿ ಹಿಂದಿನ ವರ್ಷ ಬರುತ್ತಿದ್ದ ಕನಿಷ್ಠ ಒಂದು ಸಾಮರ್ಥ್ಯವನ್ನು ಕಳೆದುಕೊಂಡಿದ್ದರು. ಕಲಿತದ್ದು ಬಳಸದಿದ್ದರೆ ಜಾರುತ್ತದೆ ಎಂಬ ಸತ್ಯ ಅಂಕಿಗಳಲ್ಲಿ ಬಂದು ನಿಂತಿತು.

ಸಂಶೋಧನೆಯ ನೀತಿ

ಮಗು ತನ್ನ ಹಿತವನ್ನು ತಾನೇ ಕಾಯಲಾರದು. ಅದಕ್ಕೇ ಮಕ್ಕಳ ಅಧ್ಯಯನಕ್ಕೆ ನಿಯಮಗಳು ಬಿಗಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ತಂದೆತಾಯಿಯ ಲಿಖಿತ ಒಪ್ಪಿಗೆ ಬೇಕು. ಏಳು ವರ್ಷ ದಾಟಿದ ಮಗುವಿನ ಬಾಯಿಮಾತಿನ ಸಮ್ಮತಿಯೂ, ಹನ್ನೆರಡರ ನಂತರ ಸರಳ ಭಾಷೆಯ ಲಿಖಿತ ಸಮ್ಮತಿಯೂ ಬೇಕು. ಒಪ್ಪಿಗೆಯ ಕಾಗದ ತಾಯಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಓದಲು ಬಾರದಿದ್ದರೆ ಓದಿ ಹೇಳಬೇಕು. ಮಗು ಬೇಡವೆಂದು ಎದ್ದು ಹೋದರೆ ಅಲ್ಲಿಗೆ ನಿಲ್ಲಿಸಬೇಕು.

ಮುಂದಿನ ಕೆಲಸ

ಕರ್ನಾಟಕದ ಒಂದು ಶತಮಾನದ ಅನುಭವದಿಂದ ಕೆಲವು ಮಾತುಗಳನ್ನು ಧೈರ್ಯವಾಗಿ ಹೇಳಬಹುದು. ಬೆಳವಣಿಗೆಯ ಸಾಲು ಎಲ್ಲ ಮಕ್ಕಳಲ್ಲೂ ಹೆಚ್ಚುಕಡಿಮೆ ಒಂದೇ. ಅದರ ವೇಗ ಮತ್ತು ದಾರಿಯನ್ನು ಊಟ, ಭಾಷೆ, ಲಿಪಿ, ಕಸುಬು, ಶಾಲೆಗಳು ತೀರ್ಮಾನಿಸುತ್ತವೆ. ಕೊಂಕಣಿ, ತುಳು, ಬ್ಯಾರಿ, ಕೊಡವ, ಉರ್ದು, ಲಂಬಾಣಿ ಮನೆಮಾತಿನ ಮಕ್ಕಳಿಗೂ ಅವರ ಮಾತಿನಲ್ಲೇ ಪರೀಕ್ಷೆಗಳು ಬೇಕು. ಕಾಮತ್ ಅವರು ಎರಡು ಭಾಷೆಗೆ ಮಾಡಿದ್ದನ್ನು ರಾಜ್ಯದ ಎಲ್ಲ ಮನೆಮಾತುಗಳಿಗೆ ವಿಸ್ತರಿಸುವುದು ಇಂದಿನ ವಿಶ್ವವಿದ್ಯಾಲಯಗಳ ಹೊಣೆ. ಅಂಗನವಾಡಿ ಕಾರ್ಯಕರ್ತೆ ಮತ್ತು ನಲಿ-ಕಲಿ ಶಿಕ್ಷಕರು ದಿನವೂ ನೋಡುವುದನ್ನು ಸಂಶೋಧಕರು ಕೇಳಿ ತಿಳಿಯುವ ವ್ಯವಸ್ಥೆಯೂ ಬೇಕು, ಏಕೆಂದರೆ ಮಗುವನ್ನು ಹೆಚ್ಚು ಹೊತ್ತು ಗಮನಿಸುವವರು ಅವರೇ. ಬಿಣಗಾದ ಮಗುವಿಗೆ ಏನು ಬರುವುದಿಲ್ಲ ಎಂದು ಬರೆಯುವ ಮೊದಲು, ಅದಕ್ಕೆ ಬರುವುದನ್ನೆಲ್ಲ ಅದರ ಭಾಷೆಯಲ್ಲಿ ಕೇಳಿ ನೋಡಿದ್ದೇವೆಯೇ ಎಂದು ಪರಿಶೀಲಿಸುವುದು ಈ ವಿಜ್ಞಾನದ ಮೊದಲ ಕರ್ತವ್ಯ.